ಫೋನ್‌ಪೇ ಸ್ಟಿಕ್ಕರ್‌ಗೆ ಗೂಗಲ್ ಪೇಯಿಂದ ಹಣ ಹೋಗುತ್ತದೆಯೇ? ಕ್ಯೂಆರ್ ಕೋಡ್ ಯಾರ ಸ್ವತ್ತು?

"ಅಂಗಡಿಯಲ್ಲಿ ಯಾವ ಆ್ಯಪ್‌ನ ಸ್ಟಿಕ್ಕರ್ ಇದೆಯೋ ಅದೇ ಆ್ಯಪ್‌ನಿಂದ ಹಣ ಕಳಿಸಿ", "2,000 ರೂಪಾಯಿ ದಾಟಿದರೆ ಜಿಎಸ್‌ಟಿ ಕಟ್". ಇಂಥ ಫಾರ್ವರ್ಡ್‌ಗಳು ನಿಮಗೂ ಬಂದಿರಬಹುದು. ಎರಡೂ ತಪ್ಪು.

ಯಾವ ಆ್ಯಪ್ ಆದರೂ ಸರಿ, ಹೇಗೆ?

ದಾವಣಗೆರೆಯ ಬೆಣ್ಣೆ ದೋಸೆ ಹೋಟೆಲ್ ಇರಲಿ, ಹರಿಹರದ ಹಣ್ಣಿನ ಗಾಡಿ ಇರಲಿ, ಅಲ್ಲಿ ಅಂಟಿಸಿರುವ ಕ್ಯೂಆರ್ ಕೋಡ್‌ನಲ್ಲಿ ಹಣ ಇರುವುದಿಲ್ಲ. ಅಂಗಡಿಯವರ ಯುಪಿಐ ವಿಳಾಸ ಮತ್ತು ಹೆಸರು ಇರುತ್ತದೆ, ಅಷ್ಟೆ. ಪೋಸ್ಟ್ ಕಾರ್ಡಿನ ಮೇಲಿನ ವಿಳಾಸವನ್ನು ಯಾವ ಪೋಸ್ಟ್‌ಮ್ಯಾನ್ ಬೇಕಾದರೂ ಓದಬಹುದಲ್ಲ, ಹಾಗೆ ಇದನ್ನು ಎಲ್ಲ ಯುಪಿಐ ಆ್ಯಪ್‌ಗಳೂ ಓದುತ್ತವೆ.

ಕ್ಯೂಆರ್ ಕೋಡ್ ಹುಟ್ಟಿದ್ದು 1994ರಲ್ಲಿ, ಜಪಾನಿನ ಡೆನ್ಸೊ ಕಂಪನಿಯಲ್ಲಿ, ಕಾರಿನ ಬಿಡಿಭಾಗಗಳ ಲೆಕ್ಕ ಇಡಲು. ಕಂಪನಿಗೆ ಪೇಟೆಂಟ್ ಇತ್ತು. ಆದರೂ ನಿಗದಿತ ಮಾದರಿಯಲ್ಲಿ ಬಳಸುವವರಿಂದ ಹಣ ಕೇಳಲಿಲ್ಲ. ಹಾಗಾಗಿಯೇ ಅದು ಜಗತ್ತಿಗೆಲ್ಲ ಹರಡಿತು. ನಮ್ಮಲ್ಲಿ ಎನ್‌ಪಿಸಿಐ ಸಂಸ್ಥೆ 2016ರಲ್ಲಿ ಯುಪಿಐ ತಂದಾಗ, ಎಲ್ಲ ಬ್ಯಾಂಕು, ಎಲ್ಲ ಆ್ಯಪ್‌ಗಳಿಗೂ ಒಂದೇ ನಿಯಮ ಮಾಡಿತು.

ಶುಲ್ಕದ ಮಾತು ನಿಜವೇ?

ಬ್ಯಾಂಕ್ ಖಾತೆಯಿಂದ ಅಂಗಡಿಗೆ ಯುಪಿಐ ಮಾಡಿದರೆ ಗ್ರಾಹಕರಿಗೆ ಶುಲ್ಕವಿಲ್ಲ. 2020ರ ಜನವರಿಯಿಂದ ಅಂಗಡಿಯವರ ಮೇಲಿನ ಎಂಡಿಆರ್ ಶುಲ್ಕವೂ ಶೂನ್ಯ. 2,000 ರೂಪಾಯಿ ಮೀರಿದರೆ ಜಿಎಸ್‌ಟಿ ಎಂಬ ಸುದ್ದಿಯನ್ನು 2025ರ ಏಪ್ರಿಲ್‌ನಲ್ಲಿ ಕೇಂದ್ರ ಹಣಕಾಸು ಸಚಿವಾಲಯವೇ ಅಲ್ಲಗಳೆದಿದೆ.

ಹಾಗಾದರೆ ಹಿಡಿತ ಯಾರದು?

ರಸ್ತೆ ಎಲ್ಲರದು, ಆದರೆ ಅದರಲ್ಲಿ ಓಡುವ ಬಸ್ಸುಗಳು ಹೆಚ್ಚಾಗಿ ಇಬ್ಬರದೇ. ವಾಲ್‌ಮಾರ್ಟ್ ಒಡೆತನದ ಫೋನ್‌ಪೇ ಮತ್ತು ಗೂಗಲ್ ಪೇ ಸೇರಿ 2025ರಲ್ಲಿ ಶೇ. 80ರಷ್ಟು ಯುಪಿಐ ವಹಿವಾಟು ನಡೆಸುತ್ತಿದ್ದವು. ಯಾವ ಆ್ಯಪ್‌ಗೂ ಶೇ. 30ಕ್ಕಿಂತ ಹೆಚ್ಚು ಪಾಲು ಬೇಡ ಎಂದು ಎನ್‌ಪಿಸಿಐ 2020ರಲ್ಲೇ ಹೇಳಿತ್ತು. ಅದರ ಗಡುವು ಮುಂದಕ್ಕೆ ಹೋಗುತ್ತಾ 2026ರ ಡಿಸೆಂಬರ್‌ಗೆ ಬಂದು ನಿಂತಿತು.

ಬಂಡವಾಳ ಇದ್ದವರು ಕ್ಯಾಶ್‌ಬ್ಯಾಕ್ ಕೊಟ್ಟು ಗ್ರಾಹಕರನ್ನು ಸೆಳೆದರು. ಕಳಿಸುವುದು ಪುಕ್ಕಟೆಯಾದರೂ, ಹಣ ಬಂತೆಂದು ಕೂಗಿ ಹೇಳುವ ಸೌಂಡ್‌ಬಾಕ್ಸ್‌ಗೆ ಎಷ್ಟೋ ಅಂಗಡಿಯವರು ತಿಂಗಳ ಬಾಡಿಗೆ ಕಟ್ಟುತ್ತಾರೆ. ಅದು ಕೂಗುವುದು ಅದೇ ಕಂಪನಿಯ ಕೋಡ್‌ಗೆ ಬಂದ ಹಣವನ್ನು ಮಾತ್ರ.

ನೀವೇನು ಮಾಡಬಹುದು?

• ಒಂದೇ ಆ್ಯಪ್ ನೆಚ್ಚಿ ಕೂರಬೇಡಿ. ಭೀಮ್ ಅಥವಾ ನಿಮ್ಮ ಬ್ಯಾಂಕಿನ ಆ್ಯಪ್ ಕೂಡ ಅದೇ ಕೋಡ್ ಓದುತ್ತದೆ. ಒಂದು ಕೈಕೊಟ್ಟರೆ ಇನ್ನೊಂದು ಇರುತ್ತದೆ.
• ಸ್ಕ್ಯಾನ್ ಮಾಡಿದ ಮೇಲೆ ಪರದೆಯಲ್ಲಿ ಬರುವ ಹೆಸರನ್ನು ಅಂಗಡಿಯವರಿಗೆ ಕೇಳಿ ಖಚಿತಪಡಿಸಿಕೊಳ್ಳಿ.
• ಹಣ ಪಡೆಯಲು ಸ್ಕ್ಯಾನ್ ಮಾಡುವುದೂ ಬೇಡ, ಪಿನ್ ಒತ್ತುವುದೂ ಬೇಡ. "ಪಿನ್ ಹಾಕಿ, ದುಡ್ಡು ಬರುತ್ತೆ" ಎಂದರೆ ಅದು ಮೋಸ.

ಫಾರ್ವರ್ಡ್ ಮಾಡಲೇಬೇಕೆಂದರೆ ಈ ಕೊನೆಯ ಸಾಲನ್ನು ಮಾಡಿ.