ತಿಗಣೆ ಬಂದ್ರೆ ನಾಚಿಕೆ ಬಿಡಿ, ಟಾರ್ಚ್ ಹಿಡೀರಿ

ಇವತ್ತಿನ ವಿಷಯ ಯಾರೂ ಸ್ಟೇಟಸ್ ಹಾಕ್ಕೊಳ್ಳದೇ ಇರೋದು: ತಿಗಣೆ. ಪಿಜಿ, ಹಾಸ್ಟೆಲ್, ಬಾಡಿಗೆ ರೂಮಲ್ಲಿ ಇರೋರು ಪೂರ್ತಿ ಕೇಳಿ.

ಮೊದಲು ಒಂದು ಮಾತು. ತಿಗಣೆ ಬಂದ್ರೆ ನೀವು ಗಲೀಜು ಅಂತ ಅರ್ಥ ಅಲ್ಲ. ಅದಕ್ಕೆ ಬೇಕಿರೋದು ಕಸ ಅಲ್ಲ, ರಕ್ತ. ಹಾರಲ್ಲ, ನೆಗೆಯಲ್ಲ. ಬ್ಯಾಗು, ಸೂಟ್‌ಕೇಸು, ಸೆಕೆಂಡ್ ಹ್ಯಾಂಡ್ ಮಂಚ, ಹಳೇ ಸೋಫಾ, ಇವುಗಳ ಜೊತೆ ಸವಾರಿ ಮಾಡ್ಕೊಂಡು ಬರುತ್ತೆ. ನಾಚಿಕೆಯಿಂದ ಸುಮ್ಮನಿದ್ರೆ ಲಾಭ ತಿಗಣೆಗೆ ಮಾತ್ರ.

ಯಾಕೆ ಅಂತ ನಮ್ಮ ಕಾಮರ್ಸ್ ಲೆಕ್ಕದಲ್ಲಿ ಹೇಳ್ತೀನಿ. ಹೊಟ್ಟೆ ತುಂಬಿದ ಒಂದು ಹೆಣ್ಣು ತಿಗಣೆ ದಿನಕ್ಕೆ 1ರಿಂದ 5 ಮೊಟ್ಟೆ ಇಡುತ್ತೆ. ಎರಡೇ ಅಂತ ಇಟ್ಕೊಳ್ಳಿ, ತಿಂಗಳಿಗೆ 60. ಒಂದೆರಡು ವಾರದೊಳಗೆ ಮರಿ ಹೊರಗೆ ಬರುತ್ತೆ. ಆ ಮರಿ ಐದು ಸಲ ಪೊರೆ ಬಿಟ್ಟು ದೊಡ್ಡದಾಗುತ್ತೆ, ಆಮೇಲೆ ಅದೂ ಮೊಟ್ಟೆ ಇಡುತ್ತೆ. ಇದು ಬರೀ ಬಡ್ಡಿ ಅಲ್ಲ, ಚಕ್ರಬಡ್ಡಿ!

ಹಾಗಾದ್ರೆ ಪತ್ತೆ ಹೇಗೆ? ಮೈಮೇಲಿನ ದದ್ದು ಒಂದನ್ನೇ ನಂಬಬೇಡಿ. ಕೆಲವರಿಗೆ ಸಾಲಾಗಿ ಗುಳ್ಳೆ ಏಳುತ್ತೆ, ಕೆಲವರಿಗೆ ಕಚ್ಚಿ ಎಷ್ಟೋ ದಿನ ಆದಮೇಲೆ ತುರಿಕೆ ಶುರುವಾಗುತ್ತೆ, ಇನ್ನು ಕೆಲವರಿಗೆ ಗುರುತೇ ಇರಲ್ಲ. ಒಂದೇ ರೂಮಲ್ಲಿ ಒಬ್ರು ರಾತ್ರಿಯಿಡೀ ಕೆರ್ಕೋತಿದ್ರೆ ಇನ್ನೊಬ್ರು ಆರಾಮಾಗಿ ಗೊರಕೆ ಹೊಡೀತಿರಬಹುದು.

ಅದಕ್ಕೇ ಮೊಬೈಲ್ ಟಾರ್ಚ್ ಆನ್ ಮಾಡಿ. ಬೆಡ್‌ಶೀಟ್ ತೆಗೆದು ಹಾಸಿಗೆಯ ಅಂಚಿನ ಹೊಲಿಗೆ ಬಿಡಿಸಿ ನೋಡಿ. ಮಂಚದ ಸಂದು, ಸ್ಕ್ರೂ ತೂತು, ಪ್ಲೈವುಡ್ ಅಡಿ, ತಲೆದಿಂಬಿನ ಕವರ್ ಮೂಲೆ, ಗೋಡೆಯ ಬಿರುಕು, ಒಂದನ್ನೂ ಬಿಡಬೇಡಿ. ಪೆನ್ನಿನ ಇಂಕ್ ಚುಕ್ಕಿ ಥರ ಕಪ್ಪು ಕಲೆ ಇದ್ರೆ ಅದು ತಿಗಣೆಯ ಹಿಕ್ಕೆ. ಜೊತೆಗೆ ಒಣಗಿದ ಪೊರೆ, ಒಂದು ಮಿಲಿಮೀಟರಿನಷ್ಟು ಬಿಳಿ ಮೊಟ್ಟೆ ಸಿಗಬಹುದು. ಬೆಳೆದ ತಿಗಣೆ ಸುಮಾರು 5 ಮಿಲಿಮೀಟರ್, ಸೇಬಿನ ಬೀಜದಷ್ಟು. ಬರಿಗಣ್ಣಿಗೇ ಕಾಣುತ್ತೆ.

ಸಿಕ್ತು. ಈಗೇನು?

ಮೊದಲು ಪಿಜಿ ಓನರ್‌ಗೂ ಅಕ್ಕಪಕ್ಕದ ರೂಮಿನವರಿಗೂ ಹೇಳಿ. ನಿಮ್ಮ ರೂಮೊಂದನ್ನೇ ಕ್ಲೀನ್ ಮಾಡಿದ್ರೆ ಪಕ್ಕದ ರೂಮಿಂದ ಮತ್ತೆ ಬರುತ್ತೆ. ರೂಮ್ ಬೀಗ ಹಾಕಿ ಎರಡು ವಾರ ಊರಿಗೆ ಹೋದ್ರೂ ಉಪಯೋಗ ಇಲ್ಲ. ಊಟ ಇಲ್ದೆ ಅದು ತಿಂಗಳುಗಟ್ಟಲೆ ಬದುಕುತ್ತೆ.

ಎರಡನೇದು, ಬಿಸಿ. 50 ಡಿಗ್ರಿ ಮೇಲಿನ ಬಿಸಿ ನೇರವಾಗಿ ತಾಗಿದ್ರೆ ತಿಗಣೆಯೂ ಉಳಿಯಲ್ಲ, ಮೊಟ್ಟೆಯೂ ಉಳಿಯಲ್ಲ. ಬಟ್ಟೆ, ಬೆಡ್‌ಶೀಟ್ ಎಲ್ಲಾ ರೂಮಲ್ಲೇ ಕವರಿಗೆ ತುಂಬಿ, ಗಂಟು ಕಟ್ಟಿ, ಆಮೇಲೆ ಹೊರಗೆ ತನ್ನಿ. ಮೆಷಿನ್‌ನಲ್ಲಿ 60 ಡಿಗ್ರಿಗೆ ಒಗೀರಿ, ಡ್ರೈಯರ್ ಇದ್ರೆ ಹೈ ಹೀಟ್‌ನಲ್ಲಿ ಅರ್ಧ ಗಂಟೆ. ಕಬ್ಬಿಣದ ಮಂಚ ಹೊರಗೆ ತಂದು ಸಂದುಗಳಿಗೆ ಕುದಿಯೋ ನೀರು ಹುಯ್ಯಿರಿ. ಹಾಸಿಗೆಯನ್ನ ಬರೀ ಬಿಸಿಲಿಗೆ ಹಾಕಿದ್ರೆ ಸಾಲದು, ಒಳಗಿನವರೆಗೆ ಅಷ್ಟು ಕಾಯಲ್ಲ. ಅದನ್ನ ಪೂರ್ತಿ ಮುಚ್ಚೋ ಜಿಪ್ ಕವರ್ ಹಾಕಿಬಿಡಿ. ಮಂಚ ಗೋಡೆಯಿಂದ ದೂರ ಇರಲಿ.

ಮೂರನೇದು ಔಷಧಿ. ಇಲ್ಲಿ ಸ್ವಲ್ಪ ಗಮನ ಕೊಡಿ, ಜೀವದ ಪ್ರಶ್ನೆ. ಅಂಗಡಿಯ ಸ್ಪ್ರೇಗಳಲ್ಲಿ ಹೆಚ್ಚಾಗಿ ಇರೋದು ಪೈರೆಥ್ರಾಯ್ಡ್ ಗುಂಪಿನ ಕೀಟನಾಶಕ. ಅದನ್ನ ತಡೆದುಕೊಳ್ಳೋ ಶಕ್ತಿ ತುಂಬಾ ಕಡೆ ತಿಗಣೆಗೆ ಬಂದುಬಿಟ್ಟಿದೆ. 'ಇದು ಆಗಲ್ಲ, ಸ್ಟ್ರಾಂಗ್ ಕೊಡಿ' ಅಂತ ಕೇಳಿದಾಗ ಕೆಲವರ ಕೈಗೆ ಕಾಳಿಗೆ ಹಾಕೋ ಮಾತ್ರೆ ಬರುತ್ತೆ. ಅದು ಅಲ್ಯೂಮಿನಿಯಂ ಫಾಸ್ಫೈಡ್. ಗಾಳಿಯ ತೇವ ತಾಗಿದ್ರೆ ಸಾಕು, ಫಾಸ್ಫೀನ್ ಅನ್ನೋ ವಿಷಾನಿಲ ಬಿಡುತ್ತೆ. ಈ ವಿಷಕ್ಕೆ ಪ್ರತಿಮದ್ದು ಇಲ್ಲ. ಅನಿಲ ಬಾಗಿಲ ಸಂದಿಂದ ಪಕ್ಕದ ರೂಮಿಗೂ ನುಗ್ಗಬಹುದು. ನಮ್ಮ ದೇಶದಲ್ಲಿ ಇದನ್ನ ಸಾಮಾನ್ಯ ಜನರಿಗೆ ಮಾರೋಕೆ ಅನುಮತಿಯೇ ಇಲ್ಲ.

ಯೋಚನೆ ಮಾಡಿ. ತಿಗಣೆ ಕಚ್ಚಿ ಮನುಷ್ಯನಿಗೆ ರೋಗ ಹರಡಿದ್ದು ಈವರೆಗೆ ಸಾಬೀತಾಗಿಲ್ಲ. ತುರಿಕೆ, ನಿದ್ದೆಗೇಡು ಇದೆ, ನಿಜ. ಅದಕ್ಕೋಸ್ಕರ ಪ್ರಾಣ ಪಣಕ್ಕಿಡೋದು ನೆಗಡಿ ಬಂತು ಅಂತ ಮೂಗು ಕೊಯ್ದುಕೊಂಡ ಹಾಗೆ. ಸೀಮೆಎಣ್ಣೆ, ಪೆಟ್ರೋಲ್ ಸುರಿಯೋದೂ ಬೇಡ, ಬೆಂಕಿ ಹತ್ಕೊಳ್ಳುತ್ತೆ.

ಲೈಸೆನ್ಸ್ ಇರೋ ಪೆಸ್ಟ್ ಕಂಟ್ರೋಲ್‌ನವರನ್ನ ಕರೆಸಿ. ಮೂರು ಪ್ರಶ್ನೆ ಕೇಳಿ: ಯಾವ ಔಷಧಿ ಹೊಡೀತೀರಾ? ಎಷ್ಟು ಗಂಟೆ ಒಳಗೆ ಬರಬಾರದು? ಎರಡನೇ ರೌಂಡ್ ಯಾವಾಗ? ಮೂರನೇ ಪ್ರಶ್ನೆ ಮರೀಬೇಡಿ. ಮೊದಲ ರೌಂಡಲ್ಲಿ ಮೊಟ್ಟೆ ಉಳ್ಕೊಳ್ಳುತ್ತೆ, ಅದಕ್ಕೇ ಸುಮಾರು ಎರಡು ವಾರ ಬಿಟ್ಟು ಇನ್ನೊಮ್ಮೆ ಮಾಡಲೇಬೇಕು. ನಿಮ್ಮ ಓನರ್ ಔಷಧಿ ಹೊಡೆಸ್ತಾರೆ ಅಂದ್ರೆ ದಿನ, ಟೈಮ್ ಮೊದಲೇ ವಾಟ್ಸಾಪ್ ಗ್ರೂಪಲ್ಲಿ ಹಾಕೋಕೆ ಹೇಳಿ. ಗೊತ್ತಿಲ್ಲದೆ ಬಂದು ಯಾರೂ ಆ ರೂಮಲ್ಲಿ ಮಲಗಬಾರದು. ಔಷಧಿ ಹೊಡೆದ ಮೇಲೆ ಯಾರಿಗಾದ್ರೂ ವಾಂತಿ, ತಲೆಸುತ್ತು, ಉಸಿರಾಟದ ತೊಂದರೆ ಕಾಣಿಸಿದ್ರೆ ತಕ್ಷಣ ಹೊರಗೆ ಕರ್ಕೊಂಡು ಬಂದು 108ಕ್ಕೆ ಫೋನ್ ಮಾಡಿ.

ಇವತ್ತು ರಾತ್ರಿ ಮಲಗೋ ಮುಂಚೆ ಐದು ನಿಮಿಷ ಟಾರ್ಚ್ ಹಿಡಿದು ಹಾಸಿಗೆ ನೋಡಿ. ರೂಮ್‌ಮೇಟ್‌ಗೂ ಈ ಎಪಿಸೋಡ್ ಕಳ್ಸಿ. ಮುಂದಿನ ವಾರ ಸಿಗೋಣ.