ಗೌಂಡಿಯ ದಾರವೂ ನಮ್ಮ ಗಣಿತವೂ

ಮಕ್ತಲ, ಗದ್ವಾಲ, ನಾರಾಯಣಪೇಟೆಗಳ ಈ ಸೀಮೆಯಲ್ಲಿ ಪಾಯ ತೋಡುವ ಮುನ್ನ ಗೂಟ ನೆಟ್ಟು ದಾರ ಕಟ್ಟುವುದನ್ನು ನಮ್ಮ ವಿದ್ಯಾರ್ಥಿಗಳು ನೋಡಿಯೇ ಇರುವರು. ಗೌಂಡಿಯು ಮೂಲೆಯಿಂದ ಒಂದು ದಾರದ ಮೇಲೆ 3 ಅಡಿಗೂ ಮತ್ತೊಂದರ ಮೇಲೆ 4 ಅಡಿಗೂ ಗುರುತು ಮಾಡಿ, ಗುರುತುಗಳ ನಡುವಣ ಅಂತರವು 5 ಅಡಿಯಾಗುವವರೆಗೆ ದಾರವನ್ನು ಸರಿಸುತ್ತಾನೆ. 9ಕ್ಕೆ 16 ಕೂಡಿದರೆ 25, ಮೂಲೆಯು ಲಂಬಕೋನವಾಯಿತು. ಯಜ್ಞವೇದಿಕೆಗಳ ಅಳತೆಗಾಗಿ ಬೌಧಾಯನ ಶುಲ್ಬಸೂತ್ರವು ಈ ನಿಯಮವನ್ನು ಹೇಳಿದೆ, ಶುಲ್ಬವೆಂದರೆ ಹಗ್ಗವೇ. ನಮಗೆ ಬಹುದೂರವಲ್ಲದ ಮಳಖೇಡದಿಂದ ಆಳಿದ ಅಮೋಘವರ್ಷ ನೃಪತುಂಗನ ಕಾಲದಲ್ಲಿ, 9ನೆಯ ಶತಮಾನದಲ್ಲಿ, ಮಹಾವೀರಾಚಾರ್ಯನು ರಚಿಸಿದ ಗಣಿತಸಾರಸಂಗ್ರಹದಲ್ಲಿ ಕ್ಷೇತ್ರಗಳ ಅಳತೆಯಲ್ಲದೆ ಕುಳಿ ತೋಡುವ, ಇಟ್ಟಿಗೆ ಪೇರಿಸುವ ಲೆಕ್ಕಗಳೂ ಇವೆ.

ಮೂಲೆ ತಪ್ಪಿದರೆ ಆಗುವುದೇನು? 12 ಅಡಿ ಉದ್ದ, 9 ಅಡಿ ಅಗಲದ ಕೋಣೆಯನ್ನು ತೆಗೆದುಕೊಳ್ಳೋಣ. ಅದರ ಎರಡು ಕರ್ಣಗಳೂ 15 ಅಡಿಯಿರಬೇಕು. ಅಗಲದ ಗೋಡೆಗಳೆರಡೂ ಒಂದೇ ಕಡೆಗೆ 3 ಅಂಗುಲ ವಾಲಿದವೆಂದರೆ ಕಣ್ಣಿಗೆ ಕಾಣದು. ಆದರೆ ಒಂದು ಕರ್ಣವು 15.2 ಅಡಿಯೂ ಇನ್ನೊಂದು 14.8 ಅಡಿಯೂ ಆಗಿ, ಸುಮಾರು 5 ಅಂಗುಲದ ಅಂತರವು ಟೇಪಿನ ಮೇಲೆ ತೋರುತ್ತದೆ. ಅಳೆಯದೆ ಬಿಟ್ಟರೆ, ಶಹಾಬಾದಿನ ಹಾಸುಗಲ್ಲು ಹಾಕುವ ದಿನ ಒಂದು ಗೋಡೆಯ ಬುಡದಲ್ಲಿ ಸಂದು ಉಳಿದು, ಎದುರಿನ ಗೋಡೆಯ ಬಳಿ ಕಲ್ಲುಗಳನ್ನು ಓರೆಯಾಗಿ ಕತ್ತರಿಸಬೇಕಾಗುತ್ತದೆ. ಹಣವೂ ಹೋಯಿತು, ಅಂದವೂ ಹೋಯಿತು. ಕರ್ಣಗಳು ಸಮವಾದರೆ ಸಾಕೇ ಎಂದು ಕೇಳುವವರುಂಟು. ಸಾಲದು, ಎದುರುಬದುರು ಗೋಡೆಗಳೂ ಸಮವಿರಬೇಕು. ಏಕೆಂಬುದನ್ನು ವಿದ್ಯಾರ್ಥಿಗಳು ತಾವೇ ಚಿತ್ರ ಬರೆದು ಕಂಡುಕೊಳ್ಳಲಿ.

ಇನ್ನು ಮಾಳಿಗೆಯ ವಿಚಾರ. 12 ಅಡಿಯ ಮಾಳಿಗೆಗೆ ದೋಣಿಯ ಕಡೆಗೆ 3 ಅಂಗುಲ ಇಳಿಜಾರು ಕೊಡಬೇಕೆನ್ನೋಣ. ಮೇಲಿನ ಅಂಚಿನಿಂದ ದೂರವು ಕ್ಷ ಅಡಿ, ಅಲ್ಲಿಯ ಎತ್ತರವು ಯ ಅಂಗುಲವಾದರೆ, ಯ = 3 − ಕ್ಷ/4. ಕ್ಷ 0, 4, 8, 12 ಆದಾಗ ಯ 3, 2, 1, 0 ಆಗುತ್ತದೆ. ಈ ಬಿಂದುಗಳನ್ನು ಗ್ರಾಫ್ ಕಾಗದದ ಮೇಲೆ ಇಟ್ಟು ಕೂಡಿಸಿದರೆ ನೇರವಾದ ಗೆರೆ ಬರುವುದು. ಗೌಂಡಿಯು ಎರಡು ತುದಿಗಳಿಗೆ ಎಳೆದು ಕಟ್ಟುವ ದಾರವೇ ಆ ಗೆರೆ! ಸಮೀಕರಣವೆಂದರೆ ಹೆದರುವ ಬಾಲಕನು ಪ್ರತಿದಿನ ಅದರ ಕೆಳಗೇ ಮಲಗುತ್ತಾನೆ.

ನಡುವೆ, 6 ಅಡಿಯಲ್ಲಿ, ಎತ್ತರವು 1½ ಅಂಗುಲವಿರಬೇಕು. ಅಲ್ಲಿ ಮಣ್ಣು ಕುಸಿದು ½ ಅಂಗುಲವೇ ಉಳಿದಿದ್ದರೆ, 8 ಅಡಿಯಲ್ಲಿರುವ 1 ಅಂಗುಲವನ್ನು ನೀರು ಏರಿ ಹೋಗಲಾರದು. ಅದು ಅಲ್ಲಿಯೇ ನಿಂತು, ಮಣ್ಣಿನಲ್ಲಿ ಇಂಗಿ, ತೊಲೆಗೆ ತಗಲುವುದು. ಮಳೆಗಾಲಕ್ಕೆ ಮೊದಲು ಪಾಲಕರು ಒಂದು ದಾರ ಹಿಡಿದು ಮಾಳಿಗೆ ಹತ್ತಲಿ, ಮಕ್ಕಳು ಅಳತೆಗಳನ್ನು ಬರೆದುಕೊಳ್ಳಲಿ. ಬಿಂದುವು ಗೆರೆಗಿಂತ ಎಲ್ಲಿ ಕೆಳಗೆ ಬಿದ್ದಿದೆಯೋ ಅಲ್ಲಿಯೇ ಮಣ್ಣು ಹಾಕಿ ಧಮ್ಮಸು ಮಾಡಿಸಬೇಕು.