ಅಲ್ಯೂಮಿನಿಯಂ ದೋಣಿಯ ಹಿಂಬದಿ ಹಲಗೆ: ಬದಲಿ ಸಾಮಗ್ರಿಯ ಆಯ್ಕೆ

ನದಿದಂಡೆಯ ಹಾಗೂ ಹಿನ್ನೀರಿನ ಗ್ರಾಮಗಳಲ್ಲಿ ಜನರನ್ನು ದಾಟಿಸಲು ಮತ್ತು ನೆರೆಯ ಸಂದರ್ಭದಲ್ಲಿ ರಕ್ಷಣಾ ಕಾರ್ಯಕ್ಕೆ ಯಂತ್ರಚಾಲಿತ ಅಲ್ಯೂಮಿನಿಯಂ ದೋಣಿಗಳು ಬಳಕೆಯಾಗುತ್ತವೆ. ದೋಣಿಯ ಲೋಹದ ಮೈ ಬಹುಕಾಲ ಬಾಳಿದರೂ, ಯಂತ್ರವನ್ನು ಬಿಗಿಯುವ ಹಿಂಬದಿಯ ಅಡ್ಡಹಲಗೆ, ಅಂದರೆ ಟ್ರಾನ್ಸಮ್, ಅದಕ್ಕಿಂತ ಮೊದಲೇ ಕೊಳೆಯುತ್ತದೆ. ಯಂತ್ರದ ಭಾರವನ್ನೂ ತಳ್ಳುಬಲವನ್ನೂ ಹೊರುವುದು ಈ ಹಲಗೆಯೇ. ನಡುನೀರಿನಲ್ಲಿ ಇದು ಮುರಿದರೆ ಯಂತ್ರ ಕಳಚಿ, ದೋಣಿಯಲ್ಲಿರುವವರು ಪ್ರವಾಹದ ಪಾಲಾಗುವ ಅಪಾಯವಿದೆ. ಆದ್ದರಿಂದ ದುರಸ್ತಿಯ ಅಂದಾಜುಪಟ್ಟಿ ಸಭೆಯ ಮುಂದೆ ಬಂದಾಗ ಮಾನ್ಯ ಸದಸ್ಯರು ದರವನ್ನಷ್ಟೇ ಅಲ್ಲದೆ ಸಾಮಗ್ರಿಯನ್ನೂ ಪರಿಶೀಲಿಸುವುದು ಅವಶ್ಯ.

ಕೊಳೆಯುವ ಕಾರಣ: ಹಲಗೆಯು ಸಾಮಾನ್ಯವಾಗಿ ಅಲ್ಯೂಮಿನಿಯಂ ತಗಡಿನ ಹೊದಿಕೆಯೊಳಗೆ ಇರುತ್ತದೆ. ಬೋಲ್ಟ್ ರಂಧ್ರಗಳ ಮೂಲಕ ಒಳಸೇರಿದ ನೀರು ಅಲ್ಲಿಯೇ ನಿಲ್ಲುತ್ತದೆ. ಹೊರನೋಟಕ್ಕೆ ಹಾನಿ ಕಾಣುವುದಿಲ್ಲ. ಸುತ್ತಿಗೆಯಿಂದ ಮೆಲ್ಲಗೆ ತಟ್ಟಿದಾಗ ಮಂದವಾದ ಸದ್ದು ಬರುವುದು, ಯಂತ್ರವನ್ನು ಅಲುಗಿಸಿದಾಗ ಹಿಂಬದಿ ಬಾಗುವುದು ಇದರ ಲಕ್ಷಣಗಳು.

ಲಭ್ಯ ಸಾಮಗ್ರಿಗಳು:

1. ಮರೈನ್ ಪ್ಲೈವುಡ್: ಭಾರತೀಯ ಮಾನಕ ಐಎಸ್ 710ಕ್ಕೆ ಅನುಗುಣವಾಗಿರಬೇಕು. ಐಎಸ್ 303 ಸಾಮಾನ್ಯ ಬಳಕೆಯ ಪ್ಲೈವುಡ್‌ಗೆ ಸಂಬಂಧಿಸಿದ್ದು. ದರಪಟ್ಟಿಯಲ್ಲಿ ಕೇವಲ ‘ವಾಟರ್‌ಪ್ರೂಫ್ ಪ್ಲೈ’ ಎಂದು ನಮೂದಿಸಿದ್ದರೆ ಸಾಲದು. ತಾಮ್ರಯುಕ್ತ ಸಂರಕ್ಷಕ ಲೇಪಿತ ಮರವು ತೇವದಲ್ಲಿ ಅಲ್ಯೂಮಿನಿಯಂ ಅನ್ನು ತಿನ್ನುತ್ತದೆ. ಆದಕಾರಣ ಬಳಸಿರುವ ಸಂರಕ್ಷಕ ಯಾವುದೆಂದು ಸರಬರಾಜುದಾರರಿಂದ ಲಿಖಿತವಾಗಿ ಪಡೆಯತಕ್ಕದ್ದು.

2. ಇಡೀ ಮರದ ಹಲಗೆ: ತೇಗವು ಕೊಳೆಯನ್ನು ತಡೆಯುತ್ತದೆಯಾದರೂ, ಇಡೀ ಹಲಗೆಯು ತೇವಕ್ಕೆ ಹಿಗ್ಗಿ, ಒಣಗಿದಾಗ ಎಳೆಯ ಉದ್ದಕ್ಕೆ ಸೀಳುವ ಸಂಭವವಿದೆ.

3. ಎಚ್‌ಡಿಪಿಇ ಪ್ಲಾಸ್ಟಿಕ್ ಹಲಗೆ: ಕೊಳೆಯುವುದಿಲ್ಲ. ಆದರೆ ಸತತ ಭಾರಕ್ಕೆ ನಿಧಾನವಾಗಿ ಬಾಗುತ್ತದೆ, ಅಂಟು ಹಿಡಿಯುವುದಿಲ್ಲ.

4. ಗಾಜಿನ ನಾರು ಬಲವರ್ಧಿತ ಅಧಿಕ ಸಾಂದ್ರತೆಯ ಫೋಮ್ ಹಲಗೆ: ಹಗುರ, ಕೊಳೆಯದು, ಬೆಲೆ ಅಧಿಕ.

5. ಬೆಸುಗೆ ಹಾಕಿದ ಅಲ್ಯೂಮಿನಿಯಂ ಚೌಕಟ್ಟು: ದೀರ್ಘ ಬಾಳಿಕೆಯದು, ಆದರೆ ನುರಿತ ಅಲ್ಯೂಮಿನಿಯಂ ಬೆಸುಗೆಗಾರರು ಬೇಕು.

ಸ್ಥಳೀಯ ಬಡಗಿಯಿಂದಲೇ ಮಾಡಿಸಬಹುದಾದ ಕಾರಣ, ಬಹುತೇಕ ಪಂಚಾಯಿತಿಗಳಿಗೆ ಮೊದಲನೆಯದೇ ಸೂಕ್ತ. ಆದರೆ ಅದರ ಬಾಳಿಕೆ ಮುದ್ರಣೆಯ ಗುಣಮಟ್ಟವನ್ನು ಅವಲಂಬಿಸಿದೆ.

ಅಂದಾಜುಪಟ್ಟಿಯಲ್ಲಿ ಇರಬೇಕಾದ ಅಂಶಗಳು:

• ಹಳೆಯ ಹಲಗೆಯ ದಪ್ಪ ಮತ್ತು ಎತ್ತರವನ್ನೇ ಉಳಿಸಿಕೊಳ್ಳುವುದು. 38 ಮಿ.ಮೀ. ದಪ್ಪ ಬೇಕಾದಲ್ಲಿ 19 ಮಿ.ಮೀ.ನ ಎರಡು ಹಾಳೆಗಳನ್ನು ಎಪಾಕ್ಸಿಯಿಂದ ಅಂಟಿಸುವುದು.

• ಅಂಚುಗಳೂ ಸೇರಿದಂತೆ ಎಲ್ಲ ಮುಖಗಳಿಗೆ ಕನಿಷ್ಠ ಎರಡು ಬಾರಿ ಎಪಾಕ್ಸಿ ಬಳಿಯುವುದು.

• ಪ್ರತಿ ರಂಧ್ರವನ್ನು ಅಗಲವಾಗಿ ಕೊರೆದು, ಎಪಾಕ್ಸಿ ತುಂಬಿ, ಅದು ಗಟ್ಟಿಯಾದ ನಂತರ ಅದರ ನಡುವೆ ಬೋಲ್ಟ್ ಅಳತೆಗೆ ಪುನಃ ಕೊರೆಯುವುದು. ಇದನ್ನು ಬಿಟ್ಟರೆ ಉಳಿದೆಲ್ಲ ವೆಚ್ಚ ವ್ಯರ್ಥ.

• ಸ್ಟೇನ್‌ಲೆಸ್ ಸ್ಟೀಲ್ ಬೋಲ್ಟ್‌ಗಳನ್ನು ಪಾಲಿಯುರೆಥೇನ್ ಸೀಲಂಟ್ ಹಚ್ಚಿ ಬಿಗಿಯುವುದು. ಹಿತ್ತಾಳೆ, ತಾಮ್ರದ ಬೋಲ್ಟ್‌ಗಳು ಅಲ್ಯೂಮಿನಿಯಂ ಅನ್ನು ಸವೆಸುವುದರಿಂದ ಅವುಗಳನ್ನು ಬಳಸಕೂಡದು.

ಹೊದಿಕೆ ಮುಚ್ಚಿದ ಮೇಲೆ ಒಳಗಿನ ಕೆಲಸ ಕಾಣುವುದಿಲ್ಲ. ಆದ್ದರಿಂದ ಮುಚ್ಚುವ ಮೊದಲು ಸದಸ್ಯರು ಖುದ್ದಾಗಿ ವೀಕ್ಷಿಸಿ, ಛಾಯಾಚಿತ್ರವನ್ನು ಕಡತದಲ್ಲಿ ಇರಿಸಿದ ನಂತರವೇ ಬಿಲ್ ಪಾವತಿಗೆ ಅನುಮೋದನೆ ನೀಡುವುದು ಸೂಕ್ತ. ಮುಂಗಾರು ಆರಂಭಕ್ಕೆ ಮುನ್ನವೇ ಈ ಕಾರ್ಯವನ್ನು ಪೂರ್ಣಗೊಳಿಸಲು ಕೋರಲಾಗಿದೆ.

– ಪಂಚಾಯಿತಿ ಅಭಿವೃದ್ಧಿ ಅಧಿಕಾರಿ